ಗಿಳಿಯ ಹೊಟ್ಟೆ

ಆ ಮನೆಯ ಸೊಸೆಯರಿಬ್ಬರೂ ಕ್ರೋಶಾ ಕಡ್ಡಿ ಹಿಡಿದು ಉಲನ್ ದಾರದಲ್ಲಿ ಪುಟ್ಟ ಪುಟ್ಟ ಪ್ರಾಣಿ, ಪಕ್ಷಿಗಳನ್ನು ಹೆಣೆಯುತ್ತಿದ್ದರು. ಒಂದೇ ಹಜಾರದಲ್ಲಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ. ಅಂದು ಬಂದ ನೆಂಟರೆಲ್ಲ ಕಿರಿಯಳ ಹಸಿರು ಗಿಳಿಯನ್ನು ಮನಸಾರೆ ಹೊಗಳಿದರು. ಅವರು ಗೇಟು ದಾಟಿದ್ದೇ ತಡ, ಹಿರಿಯಳು ಗಿಳಿಯನ್ನು ಕಿತ್ತುಕೊಂಡಳು.

“ಇದು ನಾನು ಹೆಣೆದಿದ್ದು. ಹೋದ ತಿಂಗಳು ಬೀರುವಿಂದ ನನ್ನ ಹಸಿರು ಧಾರೆ ಸೀರೆ ಮಾಯ ಆಯ್ತು. ಈಗ ಗಿಳಿ. ಮನೇಲೇ ಕಳ್ಳರಿದ್ದಾರೆ.”

“ನಾಲಿಗೆ ಬಿಗಿಹಿಡಿದು ಮಾತಾಡಿ, ಅಕ್ಕ.”

“ರೆಕ್ಕೆ ಕೆಳಗೆ ಕರಿ ದಾರದ ದೃಷ್ಟಿಬೊಟ್ಟು ಇದೆ, ನೋಡು. ಅದು ನನ್ನ ಗುರುತು.”

“ಬೊಟ್ಟು ಯಾರು ಬೇಕಾದ್ರೂ ಇಡ್ತಾರೆ. ನೀವು ಒಳಗೆ ತುಂಬೋದು ಹತ್ತಿ. ನಾನು ತುಂಬೋದು ಬಟ್ಟೆ ಚೂರು. ಕತ್ತರಿಸಿ ನೋಡಿ.”

ಕಿರಿಯಳು ತಾನೇ ಕತ್ತರಿ ತಂದುಕೊಟ್ಟಳು. ಹಿರಿಯಳು ಹಲ್ಲು ಕಚ್ಚಿ ಗಿಳಿಯ ಹೊಟ್ಟೆ ಸೀಳಿದಳು. ಹಸಿರು ರೇಷ್ಮೆಯ ಚೂರುಗಳು, ಜರಿ ಅಂಚಿನ ಸಮೇತ, ಅವಳ ಕಾಲ ಮೇಲೆ ಉದುರಿದವು.

“ಈಗ ಹೇಳಿ ಅಕ್ಕ, ಗಿಳಿ ಯಾರದು?”