ಬರ್ಸರ್ಕನಿಗೊಂದು ಹೊಸ ನಿಯಮ

"ಇನ್ನು ಮೇಲೆ ಬರ್ಸರ್ಕ್ ಯಾರನ್ನಾದ್ರೂ ಕೊಂದ್ರೆ, ಹತ್ತಿರದ ಮೊದಲ ಮನೆಗೆ ಹೋಗಿ ಕೊಂದೆ ಅಂತ ಹೇಳ್ಬೇಕು. ಅದೇ ದಿನ," ಎಂದಳು ಸಲ್ವೋರ್, ದಾಳಗಳನ್ನು ಮೇಜಿನ ಮೇಲಿಡುತ್ತ. "ಹೇಳದಿದ್ರೆ ಅದು ಕಾಳಗ ಅಲ್ಲ, ಕೊಲೆ. ಅವನ ಶಕ್ತಿಯೆಲ್ಲ ಹೋಗುತ್ತೆ."

"ಹೋದ ಭಾನುವಾರ ಈ ನಿಯಮ ಇರ್ಲಿಲ್ವಲ್ಲ?" ಎಂದ ಕೋಲ್ಬೇನ್.

"ಇವತ್ತಿಂದ ಇದೆ."

ಒಬ್ಬಳು ಕಥೆ ನಡೆಸುವುದು, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುವುದು, ಆಟ ಇಷ್ಟೆ. ನಿಯಮಗಳೆಲ್ಲ ಸಲ್ವೋರಳವು. ಕಳೆದ ಚಳಿಗಾಲವಿಡೀ ಕೂತು, ಐಸ್‌ಲ್ಯಾಂಡಿನ ಹಳೆಯ ಕಾಲದಿಂದ ಅವಳು ಮೂರು ಬಗೆಯ ಪಾತ್ರಗಳನ್ನು ಕಟ್ಟಿದ್ದಳು: ಕರಡಿ ಚರ್ಮ ಹೊದ್ದು ಆವೇಶದಲ್ಲಿ ಗುರಾಣಿ ಕಚ್ಚುವ ಬರ್ಸರ್ಕ್, ಕಣಿ ಹೇಳುವ ಮುದುಕಿ, ಬೈಗುಳದ ಪದ್ಯದಿಂದಲೇ ವೈರಿಯ ಮೈಮೇಲೆ ಬೊಕ್ಕೆ ಏಳಿಸುವ ಕವಿ. ಕವಿಯಾಗಲು ಯಾರೂ ಒಪ್ಪಿರಲಿಲ್ಲ. ದೋಣಿಯಲ್ಲಿ ಮೀನು ಹಿಡಿಯುವ, ಜನ್ಮದಲ್ಲಿ ಒಂದು ಬೆಕ್ಕನ್ನೂ ಗದರದ ಕೋಲ್ಬೇನ್ ಬರ್ಸರ್ಕ್ ಆಗಿದ್ದ. ಕಣಿವೆಯ ಮೇಲಿನ ಮನೆಯ ಗ್ರೋವಾ ಕಣಿಯವಳಾಗಿ, ಉಣ್ಣೆಯ ಕಾಲುಚೀಲ ಹೆಣೆಯುತ್ತಲೇ ಭವಿಷ್ಯ ನುಡಿಯುತ್ತಿದ್ದಳು.

ಹೊಸ ನಿಯಮ ಹುಟ್ಟಿದ್ದು ಅಂದು ಬೆಳಿಗ್ಗೆ. ಗೇಟಿನ ಕೆಳಗಿನ ತಿರುವಿನಲ್ಲಿ ಸಲ್ವೋರಳ ಮೋರಾ ಸತ್ತುಬಿದ್ದಿದ್ದಳು. ಮೋರಾ ಬರಿಯ ಕುರಿಯಲ್ಲ, ಮುಂದಾಳು ಕುರಿ. ಹಿಮಗಾಳಿ ಏಳುವ ಮೊದಲೇ ಮೂಗೆತ್ತಿ ತಿಳಿದು, ಇಡೀ ಮಂದೆಯನ್ನು ಹಿಂದೆ ಕರೆದುಕೊಂಡು ಮನೆಗೆ ಬರುತ್ತಿದ್ದವಳು. ಯಾರೋ ಅವಳನ್ನು ರಸ್ತೆಯಿಂದೆತ್ತಿ, ಕಾಲು ಜೋಡಿಸಿ, ಹುಲ್ಲಿನ ಮೇಲೆ ಮಲಗಿಸಿ ಹೋಗಿದ್ದರು. ಪಕ್ಕದಲ್ಲಿ ವಾಹನದ ದೀಪದ ಗಾಜು ಚೂರುಚೂರಾಗಿತ್ತು. ಮಧ್ಯಾಹ್ನ ಅಂಗಳಕ್ಕೆ ಬಂದು ನಿಂತ ಕೋಲ್ಬೇನನ ಜೀಪಿಗೆ ಒಂದೇ ದೀಪ.

ಅವನು ಒಳಬಂದ. ಬೂಟು ಬಿಚ್ಚಿದ. ಗಾಳಿಯ ದಿಕ್ಕಿನ ಬಗ್ಗೆ ಮಾತಾಡಿದ. ಹೊಗೆ ಹಾಕಿದ ಕುರಿಮಾಂಸದ ರೊಟ್ಟಿ ಮುಂದಿಟ್ಟರೆ ಹೊಟ್ಟೆ ಸರಿಯಿಲ್ಲ ಎಂದ. ಹೋದ ಭಾನುವಾರ ಇದೇ ಮೇಜಿನ ಬಳಿ "ನನ್ನ ಹಾಸಿಗೆ ಇಲ್ಲಿಗೇ ತಂದುಬಿಡ್ಲಾ?" ಎಂದು ಕೇಳಿದ್ದವನು ಅವನೇ. ಮುಂದಿನ ವಾರ ಹೇಳ್ತೀನಿ ಎಂದಿದ್ದ ಸಲ್ವೋರ್, ಹೂಂ ಎನ್ನುವುದನ್ನು ಆರು ದಿನವೂ ಕುರಿಗಳ ಮುಂದೆ ಅಭ್ಯಾಸ ಮಾಡಿದ್ದಳು. ಈಗ ಅದಕ್ಕೂ ಮೊದಲು ಬೇರೆಯದನ್ನು ಕೇಳಬೇಕಿತ್ತು, ಬಾಯೇ ಬರಲಿಲ್ಲ. ದಾಳ ಕೈಯಲ್ಲಿದ್ದರೆ ಊರಿಗೆ ಊರನ್ನೇ ಸುಡಿಸಬಲ್ಲವಳು, ದೀಪ ಹೇಗೆ ಒಡೆಯಿತು ಎಂದು ಒಬ್ಬ ಗಂಡಸನ್ನು ಕೇಳಲಾರಳು. ಅವನಾಗಿಯೇ ಹೇಳಿದರೆ ಹೂಂ, ಇಲ್ಲದಿದ್ದರೆ ಇಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದು ಕೂತಳು.

"ಮಂಜು ಕವಿದಿದೆ," ಎಂದು ಆಟ ಶುರುಮಾಡಿದಳು. "ನಿನ್ನ ಬರ್ಸರ್ಕ್‌ಗೆ ಆವೇಶ ಬಂದಿದೆ. ದಾರೀಲಿ ಏನೋ ಅಲ್ಲಾಡ್ತು. ದಾಳ ಹಾಕು."

ಹಾಕಿದ. ದೊಡ್ಡ ಅಂಕಿಯೇ ಬಿತ್ತು.

"ಸತ್ತಳು," ಎಂದಳು ಸಲ್ವೋರ್.

"ಯಾರು?"

"ದಾರಿ ತೋರಿಸೋಳು. ಎಲ್ರಿಗಿಂತ ಮುಂದೆ ನಡೆಯೋಳು."

ಗ್ರೋವಾಳ ಹೆಣಿಗೆ ಕಡ್ಡಿಗಳು ನಿಂತವು.

"ಹತ್ತಿರದಲ್ಲೇ ಒಂದು ಮನೆ. ಒಳಗೆ ದೀಪ ಉರೀತಿದೆ. ಏನ್ಮಾಡ್ತೀಯ?"

"ಯಾರ ಮನೆ ಅದು?"

"ಸತ್ತವಳ ಕಡೆಯವರದ್ದು."

"ಹಾಗಾದ್ರೆ... ಅದನ್ನ ದಾಟಿ ಮುಂದಿನ ಮನೇಲಿ ಹೇಳ್ತೀನಿ," ಎಂದ, ದನಿ ತಗ್ಗಿಸಿ. "ಹಳೇ ಕಾನೂನಲ್ಲಿ ಅದಕ್ಕೆ ಅವಕಾಶ ಇದೆ. ಸತ್ತವರ ಕಡೆಯವರ ಮನೆ ಆದ್ರೆ ಬಿಟ್ಟು ಹೋಗ್ಬಹುದು. ಶಾಲೇಲಿ ಕಲ್ತಿದ್ವಲ್ಲ. ಅಲ್ವಾ ಗ್ರೋವಾ?"

"ನನ್ನ ಯಾಕೋ ಎಳೀತೀಯ ಮಾರಾಯ!" ಗ್ರೋವಾ ಕಾಲುಚೀಲವನ್ನು ಮಡಿಲಿಗೆ ಎಸೆದುಕೊಂಡಳು. "ಅವನು ಹೇಳಿಯಾಗಿದೆ ಕಣೇ ಸಲ್ವೋರ್. ಆಟದಲ್ಲಲ್ಲ. ಬೆಳಿಗ್ಗೆ ನಮ್ಮನೆಗೆ ಬಂದು, ಒಲೆ ಮುಂದೆ ನಿಂತ್ಕೊಂಡು, ಮೋರಾನ ಕೊಂದುಬಿಟ್ಟೆ ಅಂದ. ಅತ್ತ. ಎರಡು ಲೋಟ ಕಾಫಿ ಕುಡ್ದ. ಸಲ್ವೋರ್‌ಗೆ ನಾನೇ ಹೇಳ್ತೀನಿ ಅಂದಿದ್ದಕ್ಕೆ ನಾನು ಬಾಯಿ ಹೊಲ್ಕೊಂಡು ಕೂತಿರೋದು. ಕಣಿಯವಳಂತೆ ಕಣಿಯವಳು, ಗೊತ್ತಿರೋದನ್ನೂ ಹೇಳೋ ಹಾಗಿಲ್ಲ!"

ಗ್ರೋವಾಳ ಮನೆಗೆ ಬೇರೆ ದಾರಿಯಿಲ್ಲ. ಆ ತಿರುವಿನಿಂದ ಸಲ್ವೋರಳ ಗೇಟು ದಾಟಿಯೇ ಹೋಗಬೇಕು.

"ನಾನು ಇಲ್ಲೇ ಇದ್ದೆ. ಈ ಕಿಟಕಿ ಹತ್ರಾನೇ," ಎಂದಳು ಸಲ್ವೋರ್.

"ಕಿಟಕಿ ದೀಪ ಕಾಣಿಸ್ತು," ಎಂದ ಕೋಲ್ಬೇನ್.

"ನಿಲ್ಲಿಸ್ಲಿಲ್ಲ."

"ನಿಧಾನ ಮಾಡ್ದೆ."

ಸಲ್ವೋರ್ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಅವಸರವೇನೂ ಇರಲಿಲ್ಲ.

"ಕಾನೂನಿನ ಪ್ರಕಾರ ಎಲ್ಲಾ ಸರಿಯಾಗೇ ಇದೆ," ಎಂದಳು. "ನೀನು ಕೊಲೆಗಾರ ಅಲ್ಲ. ಬರ್ಸರ್ಕ್‌ನ ಶಕ್ತಿಯೂ ಎಲ್ಲೂ ಹೋಗಲ್ಲ."

ಕೋಲ್ಬೇನನ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಕಾಫಿಯ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. "ಮತ್ತೆ... ನನ್ನ ಹಾಸಿಗೆ ವಿಷ್ಯ?"

"ಅದಕ್ಕೆ ಉತ್ತರ ಗ್ರೋವಾ ಮನೇಲಿ ಹೇಳಿರ್ತೀನಿ," ಎಂದಳು ಸಲ್ವೋರ್. "ಹೋಗಿ ಕೇಳ್ಕೋ."