ಎಡಗಿವಿಯ ಪಕ್ಕದ ಕೂದಲು

ನಾಲ್ಕನೆಯ ಗಿರಾಕಿಯೂ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಿಕೊಂಡು, "ಬೇಕರಿಯವರಿಗೆ ಮಾಡಿದ್ರಲ್ಲ, ಹಾಗೇ ಮಾಡಿಬಿಡಿ" ಎಂದಾಗ ಅವಳ ಕತ್ತರಿ ಗಾಳಿಯಲ್ಲೇ ನಿಂತಿತು.

ಎರಡನೆಯವನೂ ಇದನ್ನೇ ಹೇಳಿದ್ದ. ಮೂರನೆಯವನೂ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ!

ಆ ಯಾರೋ ಯಾರು ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಊರಿನ ಅರ್ಧ ಜನ ಅವನಿಗೆ ಗೊತ್ತು, ಉಳಿದರ್ಧ ಜನಕ್ಕೆ ಅವನು ಗೊತ್ತು. ಹಿಂದೊಮ್ಮೆ ಅವಳು ಆಫೀಸಿನ ವಾರ್ಷಿಕೋತ್ಸವದಲ್ಲಿ ಹಾಡಿದಾಗ, ಡಿಪೋದಿಂದ ಹನ್ನೆರಡು ಜನರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅವಳು ಗಂಟಲು ಸರಿಮಾಡಿಕೊಂಡದ್ದಕ್ಕೂ ಅವರು ಚಪ್ಪಾಳೆ ತಟ್ಟಿದ್ದರು. ಆಮೇಲೆ ಅವಳು ಹಾಡಿಲ್ಲ.

ಇಪ್ಪತ್ತೆರಡು ವರ್ಷ ದಾಖಲೆ ವಿಭಾಗದಲ್ಲಿ ಗುಮಾಸ್ತೆಯಾಗಿದ್ದವಳು ಕಳೆದ ತಿಂಗಳು ರಾಜೀನಾಮೆ ಕೊಟ್ಟು, ಇವತ್ತು ಬೆಳಿಗ್ಗೆ ಎಂಟಕ್ಕೆ ಕ್ಷೌರದಂಗಡಿ ತೆರೆದಿದ್ದಳು. ಅದೂ ಗಂಡಸರದು! ನೆಂಟರಿಷ್ಟರು ಮೂಗಿನ ಮೇಲೆ ಬೆರಳಿಟ್ಟಿದ್ದರು. ತಮ್ಮಂದಿರ ತಲೆಗಳ ಮೇಲೆ ಕೈ ಪಳಗಿಸಿದವಳು, ಎರಡು ವರ್ಷ ಭಾನುವಾರ ತಪ್ಪದೆ ತರಬೇತಿಗೆ ಹೋದವಳು. ಆದರೂ ಬಾಚಣಿಗೆಗಳ ಡ್ರಾಯರಿನ ತಳದಲ್ಲಿ ಒಂದು ಅರ್ಜಿ ಮಡಚಿಟ್ಟಿದ್ದಳು. ರಾಜೀನಾಮೆ ಹಿಂಪಡೆಯುವ ಅರ್ಜಿ. ನಾಳೆ ಬೆಳಿಗ್ಗೆ ಹತ್ತರೊಳಗೆ ತಂದುಕೊಟ್ಟರೆ ಹಳೆಯ ಕುರ್ಚಿ ನಿಮ್ಮದೇ ಎಂದು ಸಾಹೇಬರು ಹೇಳಿದ್ದರು.

ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಂದವನೇ ಎದುರಿನ ಬೇಕರಿಯವನು. ತಲೆಯ ಹಿಂದೆ ಕೈಗನ್ನಡಿ ಹಿಡಿದಾಗ ಅವನು ಕತ್ತು ಆ ಕಡೆ ಈ ಕಡೆ ತಿರುಗಿಸಿ, "ಅಲ್ಲ, ಇಷ್ಟು ದಿನ ಎಲ್ಲಿದ್ರಿ ನೀವು?" ಎಂದಿದ್ದ. ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಿಗ್ಗಿನಲ್ಲಿ ಹೊದಿಕೆ ಬಟ್ಟೆ ಕೊಡವಿ, ಕೂದಲನ್ನೆಲ್ಲ ಅವನ ಮೇಲೇ ಚೆಲ್ಲಿದ್ದಳು.

ಈಗ ಆ ಹಿಗ್ಗೆಲ್ಲ ಇಳಿಯಿತು. ಐದನೆಯವನಾಗಿ ಬಂದ ಮೇಷ್ಟ್ರನ್ನು ಕೇಳಿಯೇ ಬಿಟ್ಟಳು: "ನಮ್ಮ ಮನೆಯವರು ಗೊತ್ತಾ ನಿಮಗೆ?"

"ಕಂಡಕ್ಟರ್ ಅಲ್ವಾ? ಅವರು ಯಾರಿಗೆ ಗೊತ್ತಿಲ್ಲ ಹೇಳಿ!"

ಇನ್ನು ಸಾಕ್ಷಿ ಯಾಕೆ ಬೇಕು? ಆಮೇಲೆ ಬಂದವರೆಲ್ಲ ಹೊಗಳಿದರು, ಬೇಕರಿಯವನ ತಲೆಯನ್ನೇ ಕೇಳಿದರು. ಅವಳು ಹಲ್ಲು ಕಚ್ಚಿಕೊಂಡು ಅಚ್ಚುಕಟ್ಟಾಗಿ ಕತ್ತರಿಸಿದಳು.

ಸಂಜೆ ನಾಲ್ಕಕ್ಕೆ ಬಂದ ಹತ್ತನೆಯವನು ಮಾತ್ರ ಬೇಕರಿಯವನ ಸುದ್ದಿ ಎತ್ತಲಿಲ್ಲ. ಅವನ ಕೂದಲು ಅಷ್ಟೇನೂ ಬೆಳೆದಿರಲಿಲ್ಲ. ಕತ್ತರಿಗೆ ಹೆಚ್ಚು ಕೆಲಸವಿರಲಿಲ್ಲ. ಕೈಗನ್ನಡಿ ಹಿಡಿಯುವ ಮೊದಲೇ ಮುಖ ಸಿಂಡರಿಸಿದ.

"ಏನಮ್ಮ ಇದು? ಎಡಗಿವಿ ಹತ್ರ ಉದ್ದ ಬಿಟ್ಟಿದ್ದೀರಿ. ಕತ್ತರಿ ಹಿಡಿಯೋದನ್ನ ಇನ್ನೂ ಕಲೀಬೇಕು ನೀವು."

ಅವಳು ಬಾಚಣಿಗೆಯಿಟ್ಟು ಅಳೆದಳು. ಎರಡೂ ಕಡೆ ಸಮ. ಇನ್ನೊಮ್ಮೆ ಅಳೆದಳು. ಸಮ. ಆದರೂ ಅವನ ಮಾತೇ ನಿಜವಿರಬೇಕು ಅನ್ನಿಸಿತು. ಅಷ್ಟೇ ಅಲ್ಲ, ಕುಣಿಯುವಷ್ಟು ಖುಷಿಯಾಯಿತು. ಅಬ್ಬ, ಒಬ್ಬನಾದರೂ ಅಸಲಿ ಗಿರಾಕಿ! ಬೈಯಲು ಯಾರೂ ಜನ ಕಳಿಸುವುದಿಲ್ಲ.

"ಬೇಜಾರು ಮಾಡ್ಕೋಬೇಡಿ ಅಕ್ಕಾ" ಎಂದು ಅವನು ಓಡುವಂತೆ ಹೊರಟುಹೋದ.

ಖುಷಿ ಎರಡು ನಿಮಿಷ ಬಾಳಿತು. ಬಂದದ್ದೇ ಒಬ್ಬ ಅಸಲಿ ಗಿರಾಕಿ, ಅವನಿಗೂ ಕೆಲಸ ಹಿಡಿಸಲಿಲ್ಲ. ಅವಳು ಡ್ರಾಯರ್ ಎಳೆದು ಅರ್ಜಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಕಣ್ಣು ತುಂಬಿತು.

ಆರು ಗಂಟೆಗೆ ಗಂಡ ಹಲ್ಲು ಕಿರಿಯುತ್ತ ಬಂದು ಕುರ್ಚಿಯಲ್ಲಿ ಕೂತ. ಅವಳು ಅವನ ಕೊರಳಿಗೆ ಹೊದಿಕೆ ಬಟ್ಟೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಕತ್ತರಿ ಎತ್ತಿಕೊಂಡಳು.

"ನಿಜ ಹೇಳಿ. ಎಷ್ಟು ಜನರನ್ನ ಕಳಿಸಿದ್ರಿ?"

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಗೊತ್ತಾಗೋಯ್ತಾ?"

"ಮೊದಲೇ ಗೊತ್ತಾಯ್ತು. ಹತ್ತರಲ್ಲಿ ಒಂಬತ್ತು ಜನ ನಿಮ್ಮೋರು. ನಾಳೆ ಆಫೀಸಿಗೆ ಹೋಗ್ತೀನಿ ನಾನು."

"ಒಂಬತ್ತಾ?" ಅವನು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ. "ನಿನ್ನಾಣೆಗೂ ನಾನು ಕಳಿಸಿದ್ದು ಒಬ್ಬನ್ನೇ ಕಣೇ, ನಮ್ಮ ಹೊಸ ಡ್ರೈವರ್ನ. ಎಲ್ರೂ ಹೊಗಳಿದ್ರೆ ನೀನು ನಂಬಲ್ವಲ್ಲ, ಅದಕ್ಕೆ ಎಡಗಿವಿ ಹತ್ರ ಉದ್ದ ಇದೆ ಅಂತ ಬೈದು ಬಾ ಅಂದಿದ್ದೆ."