ಅರ್ಜಿ ತಡೆಯುತ್ತಿದ್ದ ಸಾಲು

ಬೆಳಿಗ್ಗೆ ಹನ್ನೊಂದು ಗಂಟೆಗೆ ಚೇತನಾ ಸರ್ವರ್ ಕೋಡ್‌ನ ಒಂದು ಸಾಲನ್ನು ಆಯ್ದುಕೊಂಡು ಡಿಲೀಟ್ ಕೀ ಮೇಲೆ ಬೆರಳಿಟ್ಟಳು. ಬೆಂಗಳೂರಿನ ವಿಜಯನಗರದಲ್ಲಿರುವ ಅವಳ ಕಚೇರಿ ಬಾಡಿಗೆ ಮನೆಗಳ ವೆಬ್‌ಸೈಟ್ ನಡೆಸುತ್ತದೆ. ಮನೆ ಬೇಕಾದವರು ತುಂಬಿ ಕಳಿಸಿದ ಅರ್ಜಿಯನ್ನು ಸರ್ವರ್ ಓದಿ ಓನರ್‌ಗೆ ತಲುಪಿಸಬೇಕು. ಆದರೆ ಅರ್ಜಿಯಲ್ಲಿ ಮಾಂಸಾಹಾರಿ ಎಂದಿದ್ದರೆ ಆ ಸಾಲು ಅದನ್ನು ತಡೆದಿಡುತ್ತಿತ್ತು. ಅರ್ಜಿ ಹಾಕಿದವರಿಗೆ ಮಾತ್ರ ‘ಓನರ್ ಕರೆ ಮಾಡುತ್ತಾರೆ, ಕಾಯಿರಿ’ ಎಂಬ ಸಂದೇಶ ಹೋಗುತ್ತಿತ್ತು.

“ಬೆರಳು ತೆಗಿಯಮ್ಮ,” ಎಂದ ಹಿಂದೆ ನಿಂತಿದ್ದ ಬಾಸ್ ಮಧುಕುಮಾರ್. “ನಾನೂ ಭಾನುವಾರ ಮಟನ್ ತಿನ್ನೋನೇ. ಓನರ್‌ಗಳು ಕೇಳಿದಾರೆ, ಹಾಕಿದೀವಿ.”

“ಎಲ್ಲಾರೂ ಕೇಳ್ಯಾರೇನ್ರಿ ಸರ್?”

“ಕೆಲವರು ಕೇಳಿದಾರೆ. ಉಳಿದೋರನ್ನ ಯಾರು ಹೋಗಿ ವಿಚಾರಿಸ್ತಾರೆ?”

“ಹಂಗಾದ್ರ ಆಗಂಗಿಲ್ಲ ಅಂತಾದ್ರೂ ಅರ್ಜಿ ಹಾಕಿದವ್ರಿಗೆ ಹೇಳೋಣ್ರಿ.”

“ಹೇಳಿದ್ರೆ ಸ್ಕ್ರೀನ್‌ಶಾಟ್ ಹಾಕಿ ಮಾನ ಕಳೀತಾರೆ. ಕಾದು ಕಾದು ಅವರೇ ಸುಮ್ನಾಗ್ತಾರೆ ಬಿಡು.”

“ಗದಗದಿಂದ ಬಂದಾಗ ನಾನೂ ಹಿಂಗ ಕಾದೀನ್ರಿ. ಸುಮ್ನಾಗಿಲ್ಲ.”

“ಅದು ಡಿಲೀಟ್ ಆದ್ರೆ ನಿನ್ ಕೆಲಸಾನೂ ಹೋಗುತ್ತೆ.”

“ಹೋಗ್ಲಿ ಬಿಡ್ರಿ,” ಎಂದು ಚೇತನಾ ಕೀ ಒತ್ತಿದಳು. ತಡೆದಿಟ್ಟಿದ್ದ ಅರ್ಜಿಗಳನ್ನೆಲ್ಲ ಅವನ ಎದುರಿಗೇ ಓನರ್‌ಗಳಿಗೆ ಕಳಿಸಿದಳು.

ಊಟದ ಹೊತ್ತಿಗೆ ಅವಳ ಲಾಗಿನ್ ರದ್ದಾಯಿತು, ಸಾಲು ಮತ್ತೆ ಕೋಡ್ ಸೇರಿತು. ಅದೇ ಸಂಜೆ ಕುರುಬರಹಳ್ಳಿಯ ಓನರ್ ವೆಂಕಟಲಕ್ಷ್ಮಮ್ಮ, ಆ ಅರ್ಜಿಗಳಲ್ಲೊಂದನ್ನು ಹಾಕಿ ಕಾಯುತ್ತಿದ್ದ ಡೆಲಿವರಿ ರೈಡರ್ ಫಕೀರೇಶನಿಗೆ ಫೋನ್ ಮಾಡಿ ಕರೆಸಿ, ಮನೆ ತೋರಿಸಿದರು.